ಅಳಿದ ಪ್ರಭೇದಗಳು ಸಾವಿರವೂ ಇಲ್ಲ, ಮತ್ತೆ ಇಷ್ಟು ಆತಂಕ ಯಾಕೆ?

ಜಮಾಖರ್ಚು:

ಎಲ್ಲರಿಗೂ ನಮಸ್ಕಾರ. ನನ್ನದು ಲೆಕ್ಕಪತ್ರದ ಕೆಲಸ, ವಿಜ್ಞಾನ ಓದಿ ಬಹಳ ವರ್ಷವಾಯಿತು. ನಮ್ಮ ಓದುಗರ ಗುಂಪಿನಲ್ಲಿ ಜೀವವೈವಿಧ್ಯದ ಬಗ್ಗೆ ಮಾತಾಡುವ ಸರದಿ ಈ ಸಲ ನನ್ನದು. ತಯಾರಿಗೆ ಕೂತೆ. ಓದಿದಷ್ಟೂ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ವಾದ ಮಾಡಲು ಕೇಳುತ್ತಿಲ್ಲ, ನಿಜಕ್ಕೂ ತಿಳಿಯಬೇಕಿದೆ.

ಜೀವಿಗಳ ಅಪಾಯದ ಮಟ್ಟವನ್ನು ದಾಖಲಿಸುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯ ಪ್ರಕಾರ 1500ನೇ ಇಸವಿಯಿಂದ ಈಚೆಗೆ ಅಳಿದಿವೆ ಎಂದು ದಾಖಲಾದ ಪ್ರಭೇದಗಳು ಸುಮಾರು 900. ಭೂಮಿಯಲ್ಲಿ ಒಟ್ಟು 80 ಲಕ್ಷ ಪ್ರಭೇದಗಳು ಇರಬಹುದು ಎಂಬ ಅಂದಾಜಿದೆ. ಎಂಬತ್ತು ಲಕ್ಷದಲ್ಲಿ ಒಂಬೈನೂರು ಹೋದರೆ ನನ್ನ ಕೆಲಸದಲ್ಲಿ ಅದನ್ನು ಯಾರೂ ತಡೆದು ಕೇಳುವುದಿಲ್ಲ. ಭೂಮಿಯ ಮೇಲೆ ಇದುವರೆಗೆ ಬದುಕಿದ್ದ ಪ್ರಭೇದಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಈಗಾಗಲೇ ಅಳಿದಿವೆ ಎಂದೂ ಓದಿದೆ. ಹಾಗಾದರೆ ಅಳಿವು ಸಹಜ ಅಲ್ವಾ?

ಇನ್ನೊಂದು ವಿಷಯ. ಬೀಜಗಳನ್ನು ಬೀಜ ಬ್ಯಾಂಕಿನಲ್ಲಿ ಇಡುತ್ತಾರೆ, ಪ್ರಾಣಿಗಳನ್ನು ಮೃಗಾಲಯದಲ್ಲಿ ಸಾಕುತ್ತಾರೆ. ಬೇಕಾದಾಗ ಹೊರಗೆ ತಂದರೆ ಆಯ್ತಲ್ಲ ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ?

ಸುಮ್ನೆ ಹೆದರಿಸುವ ಮಾತುಗಳು ಬೇಡ. "ಪ್ರಕೃತಿ ನಮ್ಮ ತಾಯಿ" ಎಂಬ ಭಾಷಣವೂ ಬೇಡ, ಅದನ್ನು ಎಲ್ಲರೂ ಕೇಳಿದ್ದಾರೆ. ನಿಜವಾಗಿ ನಡೆದದ್ದು ಏನಾದರೂ ಹೇಳಿ.

ರೆಕ್ಕೆಪುಕ್ಕ:

ಸರ್, ನಿಮ್ಮ 900ರ ಪಟ್ಟಿಯಲ್ಲಿ ಭಾರತದ ರಣಹದ್ದುಗಳಿಲ್ಲ. ಅವುಗಳಲ್ಲಿ ಒಂದು ಪ್ರಭೇದವೂ ಅಳಿದಿಲ್ಲ. ಆದರೂ ನಾನಾಗಿದ್ದರೆ ಮಾತು ಶುರು ಮಾಡುವುದು ಅವುಗಳಿಂದಲೇ.

1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇ 99.9ರಷ್ಟು ಕಡಿಮೆಯಾಯಿತು. ಸಾವಿರ ಇದ್ದಲ್ಲಿ ಒಂದು ಉಳಿಯಿತು. ಅದರ ಹತ್ತಿರದ ಬಂಧುಗಳಾದ ಉದ್ದಕೊಕ್ಕಿನ ಮತ್ತು ಸಪೂರಕೊಕ್ಕಿನ ರಣಹದ್ದುಗಳು ಶೇ 97ರಷ್ಟು ಕುಸಿದವು. ಯಾರೂ ಬೇಟೆಯಾಡಿರಲಿಲ್ಲ. ದನಗಳ ನೋವು, ಊತಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿಯೇ ಕಾರಣ. ಔಷಧಿ ಮೈಯಲ್ಲಿ ಉಳಿದಿರುವಾಗಲೇ ದನ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಪಾಕಿಸ್ತಾನದಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ ಇದನ್ನು ಪತ್ತೆ ಮಾಡಿತು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಕಳೇಬರದಲ್ಲಿ ಆ ಔಷಧಿ ಇದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕಾಗಿತ್ತು. ಯಾಕೆಂದರೆ ಒಂದು ಕಳೇಬರದ ಸುತ್ತ ಹತ್ತಾರು ಹದ್ದುಗಳು ಕೂಡುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಬೇರೆ.

ಹದ್ದು ಹೋದ ಮೇಲೆ ಕಳೇಬರ ಹಾಗೇ ಕೊಳೆಯಿತು. ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿತು, ಅದರೊಂದಿಗೆ ರೇಬಿಸ್ ಅಪಾಯವೂ. ಮೊದಲು ಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು ಎಂಬುದು ಅವರ ಅಂದಾಜು. ಒಂದು ಪ್ರಭೇದವೂ ಅಳಿಯದೆ ಇಷ್ಟಾಯಿತು ಎಂಬುದನ್ನು ನಿಮ್ಮ ಗುಂಪಿಗೆ ಖಂಡಿತ ಹೇಳಿ.

ಮೊಳಕೆಕೋಣೆ:

ರೆಕ್ಕೆಪುಕ್ಕ ಅವರ ಕೊನೆಯ ಮಾತನ್ನೇ ಹಿಡಿದು ಮುಂದುವರಿಸುತ್ತೇನೆ. ನಾನು ಒಂದು ಜೀನ್ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಬೀಜಗಳ ಮೊಳಕೆ ಪರೀಕ್ಷೆ ನನ್ನ ಪಾಲಿನ ಕೆಲಸ. ಬ್ಯಾಂಕಿನಲ್ಲಿ ಇಟ್ಟರೆ ಆಯ್ತಲ್ಲ ಎಂಬ ಪ್ರಶ್ನೆ ನಮ್ಮಲ್ಲಿಗೆ ಬರುವ ಬಹುತೇಕ ಎಲ್ಲರೂ ಕೇಳುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಲೆಕ್ಕ. ನೀವು ಪ್ರಭೇದಗಳ ಹೆಸರು ಎಣಿಸುತ್ತಿದ್ದೀರಿ. ಹೆಸರು ಪಟ್ಟಿಯಿಂದ ಹೋಗುವುದು ಕಟ್ಟಕಡೆಯ ಘಟ್ಟ. ಅದಕ್ಕೆ ಬಹಳ ಮೊದಲೇ ಎರಡು ನಷ್ಟಗಳು ಆಗಿಹೋಗಿರುತ್ತವೆ. ಒಂದು, ಆ ಜೀವಿ ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ. ರಣಹದ್ದಿನದು ಅದೇ ಕಥೆ. ಇನ್ನೊಂದು, ಆ ಪ್ರಭೇದದ ಒಳಗಿನ ಬಗೆಗಳು ಒಂದೊಂದಾಗಿ ಮಾಯವಾಗುತ್ತವೆ. ನಾನು ದಿನವೂ ನೋಡುವುದು ಈ ಎರಡನೆಯದನ್ನು. ಇದರ ಬಗ್ಗೆ ಜನ ಮಾತಾಡುವುದು ತೀರಾ ಕಡಿಮೆ ಎಂಬ ಸಂಕಟ ನನಗಿದೆ.

ಭತ್ತದ ಒಂದು ಪ್ರಸಂಗ ಹೇಳುತ್ತೇನೆ. 1970ರ ಸುಮಾರಿಗೆ ಏಷ್ಯಾದ ಗದ್ದೆಗಳಲ್ಲಿ ಗ್ರಾಸಿ ಸ್ಟಂಟ್ ಎಂಬ ವೈರಸ್ ರೋಗ ಹಬ್ಬಿತು. ಹರಡುವುದು ಕಂದು ಜಿಗಿಹುಳು. ರೋಗ ತಗಲಿದ ಗಿಡ ಗಿಡ್ಡಕ್ಕೆ, ಹುಲ್ಲಿನ ಮುದ್ದೆಯ ಹಾಗೆ ನಿಂತುಬಿಡುತ್ತದೆ, ತೆನೆ ಸರಿಯಾಗಿ ಬರುವುದಿಲ್ಲ. ಫಿಲಿಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮಲ್ಲಿದ್ದ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ತಡೆಯುವ ಶಕ್ತಿ ಸಿಕ್ಕಿದ್ದು ಒಂದೇ ಒಂದು ಮಾದರಿಯಲ್ಲಿ. ಅದು ಒರೈಜಾ ನಿವಾರಾ ಎಂಬ ಕಾಡುಭತ್ತ, ಭಾರತದಲ್ಲಿ ಸಂಗ್ರಹಿಸಿದ್ದು. ಆ ಜೀನನ್ನು ಬೆಳೆಯುವ ಭತ್ತಕ್ಕೆ ಸೇರಿಸಿದರು. 1976ರಲ್ಲಿ ಹೊರಬಂದ ಐಆರ್36 ತಳಿಯಲ್ಲಿ ಅದಿದೆ. ಮುಂದೆ ಅದು ಪ್ರಪಂಚದಲ್ಲೇ ಅತಿ ಹೆಚ್ಚು ಬೆಳೆದ ಭತ್ತದ ತಳಿಗಳಲ್ಲಿ ಒಂದಾಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒರೈಜಾ ನಿವಾರಾ ಎಂಬ ಪ್ರಭೇದ ಇದ್ದರೆ ಸಾಕಾಗುತ್ತಿರಲಿಲ್ಲ. ಅದೇ ಪ್ರಭೇದದ ಬೇರೆ ಮಾದರಿಗಳನ್ನೂ ನೋಡಿದ್ದರು, ಅವುಗಳಲ್ಲಿ ಆ ಗುಣ ಇರಲಿಲ್ಲ. ಯಾವುದೋ ಒಂದು ನೀರಿನಂಚಿನಲ್ಲಿ ಬೆಳೆದ ಗಿಡದ ಬೀಜದಲ್ಲಿ ಮಾತ್ರ ಇತ್ತು. ಆ ಜಾಗವನ್ನು ಸಂಗ್ರಹಕ್ಕೆ ಮೊದಲೇ ಯಾರಾದರೂ ಸಮತಟ್ಟು ಮಾಡಿದ್ದರೆ ನಿಮ್ಮ ಪಟ್ಟಿಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಪ್ರಭೇದ ಇದೆ, ಸುರಕ್ಷಿತ ಎಂದೇ ಬರೆದಿರುತ್ತಿದ್ದರು.

ಒಳಗಿನ ಬಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೆಕ್ಕೆಜೋಳ ನೋಡಿ. ಹೈಬ್ರಿಡ್ ಬೀಜ ಮಾಡುವಾಗ ತಾಯಿಗಿಡದ ಗಂಡು ಹೂವನ್ನು ಕೈಯಿಂದ ಕೀಳಬೇಕು. ಆ ಖರ್ಚು ಉಳಿಸಲು, ಗಂಡು ಹೂವಿನಲ್ಲಿ ಪರಾಗವೇ ಬಾರದಂಥ ಒಂದು ಗುಣವನ್ನು ಬಳಸಿದರು. ಅದಕ್ಕೆ ಟೆಕ್ಸಾಸ್ ಸೈಟೋಪ್ಲಾಸಂ ಎನ್ನುತ್ತಾರೆ; ಸೈಟೋಪ್ಲಾಸಂ ಎಂದರೆ ಜೀವಕೋಶದೊಳಗಿನ ದ್ರವಭಾಗ. ಕೆಲಸ ಎಷ್ಟು ಸುಲಭವಾಯಿತೆಂದರೆ 1970ರ ಹೊತ್ತಿಗೆ ದೇಶದ ಬಹುಪಾಲು ಮೆಕ್ಕೆಜೋಳದಲ್ಲಿ ಅದೇ ಇತ್ತು. ಹೆಸರು ಬೇರೆ ಬೇರೆ, ಕಂಪನಿ ಬೇರೆ ಬೇರೆ, ಒಳಗೆ ಮಾತ್ರ ಒಂದೇ. ಎಲೆ ಅಂಗಮಾರಿಯ ಒಂದು ಹೊಸ ಶಿಲೀಂಧ್ರ ಬಗೆ ಬಂತು. ಅದರ ವಿಷಕ್ಕೆ ಸರಿಯಾಗಿ ಈ ಸೈಟೋಪ್ಲಾಸಂ ಇರುವ ಗಿಡಗಳೇ ಬಲಿಯಾಗುತ್ತಿದ್ದವು. ಒಂದೇ ಹಂಗಾಮಿನಲ್ಲಿ ಇಡೀ ದೇಶದ ಬೆಳೆಯಲ್ಲಿ ಶೇ 15ರಷ್ಟು ಹೋಯಿತು. ಹಳೆಯ ಸೈಟೋಪ್ಲಾಸಂ ಇದ್ದ ಬೀಜ ಇನ್ನೂ ಉಳಿದಿತ್ತು, ಬೇಗ ಅದಕ್ಕೆ ಮರಳಿದರು. ಹಾಗಾಗಿ ಅದು ಬರಗಾಲವಾಗಲಿಲ್ಲ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದಾಗ ಐರ್ಲೆಂಡಿನ ಬಡವರಿಗೆ ಹಾಗೆ ಮರಳಲು ಬೇರೆ ಆಲೂಗಡ್ಡೆ ಇರಲಿಲ್ಲ. ಹತ್ತು ಲಕ್ಷದಷ್ಟು ಜನ ಸತ್ತರು. ಅದಕ್ಕೆ ಆಗಿನ ಆಡಳಿತವೂ ಕಾರಣ, ಗಿಡದ ರೋಗವೊಂದೇ ಅಲ್ಲ. ಆದರೆ ಜನ ನೆಚ್ಚಿಕೊಂಡಿದ್ದು ಬಹುಮಟ್ಟಿಗೆ ಒಂದೇ ತಳಿಯನ್ನು.

ಈಗ ಬೀಜ ಬ್ಯಾಂಕ್. ನಮ್ಮಲ್ಲಿ ಬೀಜ ಬಂದರೆ ಮೊದಲು ಒಣಗಿಸುವ ಕೋಣೆಗೆ ಹೋಗುತ್ತದೆ. ಅಲ್ಲಿ ಗಾಳಿಯ ತೇವ ಶೇ 15ರ ಆಸುಪಾಸು. ನಿಧಾನವಾಗಿ ಒಣಗಬೇಕು, ಬಿಸಿ ಮಾಡುವಂತಿಲ್ಲ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಪೊಟ್ಟಣ, ಗಾಳಿಯಾಡದಂತೆ ಸೀಲ್, ಮೈನಸ್ 18 ಡಿಗ್ರಿ. ಪ್ರತಿ ಪೊಟ್ಟಣಕ್ಕೂ ಒಂದು ಸಂಖ್ಯೆ, ಒಂದು ಪಾಸ್‌ಪೋರ್ಟ್ ಮಾಹಿತಿ: ಎಲ್ಲಿ ಸಿಕ್ಕಿತು, ಯಾವಾಗ, ಎಂಥ ಮಣ್ಣು, ಪಕ್ಕದಲ್ಲಿ ಏನಿತ್ತು. ಕೆಲವು ವರ್ಷಕ್ಕೊಮ್ಮೆ ಸ್ವಲ್ಪ ಬೀಜ ಹೊರಗೆ ತೆಗೆದು ಒದ್ದೆ ಫಿಲ್ಟರ್ ಕಾಗದದ ಮೇಲಿಟ್ಟು ಮೊಳಕೆ ಎಣಿಸುತ್ತೇವೆ. ಮೊದಲು ಬಂದಾಗ ಇದ್ದ ಮೊಳಕೆಯ ಪ್ರಮಾಣದಲ್ಲಿ ಶೇ 85ಕ್ಕಿಂತ ಕೆಳಗೆ ಇಳಿದರೆ ಆ ಬೀಜವನ್ನು ಹೊಲದಲ್ಲಿ ಬಿತ್ತಿ ಹೊಸ ಬೀಜ ಮಾಡಬೇಕು.

ಕಷ್ಟ ಶುರುವಾಗುವುದು ಇಲ್ಲೇ. ಬಿತ್ತಲು ಜಾಗ ಇರುವುದು ಸ್ವಲ್ಪ ಗಿಡಗಳಿಗೆ ಮಾತ್ರ. ಅಪರೂಪದ ಜೀನ್ ಇದ್ದ ಬೀಜ ಆ ಸಲ ಬಿತ್ತನೆಗೆ ಸಿಗದಿದ್ದರೆ ಅದು ಹೋಯಿತು. ಹೋದದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಬೆಳೆಗಳ ಕಾಡುಬಂಧುಗಳ, ಅಂದರೆ ಕಾಡುಭತ್ತದಂಥ ಗಿಡಗಳ, ಬೀಜ ಇನ್ನೂ ಹಟಮಾರಿ. ಎಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಈಗ, ಕೆಲವು ಮುಂದಿನ ತಿಂಗಳು, ಕೆಲವು ಮೇಲಿನ ಸಿಪ್ಪೆ ಗೀರಿದರೆ ಮಾತ್ರ. ಪರೀಕ್ಷೆ ಮಾಡುವ ನಮಗೆ ತಲೆನೋವು. ಆ ಗಿಡಕ್ಕೆ ಮಾತ್ರ ಅದೇ ರಕ್ಷೆ: ಒಂದು ಮಳೆ ಕೈಕೊಟ್ಟರೂ ಎಲ್ಲ ಮಕ್ಕಳೂ ಸಾಯುವುದಿಲ್ಲ. ನಾವು ಬೆಳೆಸುವಾಗ ಬೇಗ ಮೊಳೆತದ್ದೇ ಜಾಸ್ತಿ ಬೀಜ ಕೊಡುತ್ತದೆ. ಕೆಲವು ಸಲ ಹೀಗೆ ಮಾಡಿದರೆ ಆ ಗುಣವೇ ಸವೆಯುತ್ತದೆ.

ಕೋಕೋ, ರಬ್ಬರ್, ಮಾವು, ಹಲಸು, ಇವುಗಳ ಬೀಜ ಒಣಗಿಸಿದರೆ ಸಾಯುತ್ತದೆ. ಅವುಗಳಿಗೆ ನಮ್ಮ ಪೊಟ್ಟಣ ಕೆಲಸಕ್ಕೆ ಬಾರದು. ಮರವನ್ನೇ ಬೆಳೆಸಿ ಇಟ್ಟುಕೊಳ್ಳಬೇಕು, ಇಲ್ಲವೇ ಭ್ರೂಣವನ್ನು ದ್ರವ ಸಾರಜನಕದಲ್ಲಿ ಇಡಬೇಕು. ಎಲ್ಲಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಮೈನಸ್ 18ರಲ್ಲಿ ಬೀಜ ನಿಂತಲ್ಲೇ ನಿಂತಿರುತ್ತದೆ. ಹೊರಗೆ ರೋಗ, ಕೀಟ, ಹವೆ ಎಲ್ಲ ಬದಲಾಗುತ್ತಲೇ ಇರುತ್ತವೆ. ಹೊಲದಂಚಿನ ಕಾಡುಭತ್ತ ಪ್ರತಿ ವರ್ಷ ಆ ರೋಗಗಳನ್ನು ಎದುರಿಸಿ ಬದಲಾಗುತ್ತದೆ, ನನ್ನ ಪೊಟ್ಟಣದೊಳಗಿನದು ಇಲ್ಲ.

ಬ್ಯಾಂಕ್ ಬೇಡ ಎಂದು ನಾನು ಹೇಳುತ್ತಿಲ್ಲ. ಸಿರಿಯಾದ ಅಲೆಪ್ಪೊ ಬಳಿ ಒಣಭೂಮಿ ಬೆಳೆಗಳ ದೊಡ್ಡ ಸಂಗ್ರಹ ಇಕಾರ್ಡಾ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಹತ್ತಿರ ಇತ್ತು. ಯುದ್ಧದಿಂದ ಅದು ಅವರ ಕೈತಪ್ಪಿತು. ನಾರ್ವೆಯ ಸ್ವಾಲ್ಬಾರ್ಡ್‌ನ ಭೂಗತ ಕೋಠಿಯಲ್ಲಿ ನಕಲು ಇಟ್ಟಿದ್ದರು. 2015ರಲ್ಲಿ ಅಲ್ಲಿಂದ ವಾಪಸು ತೆಗೆದು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಮತ್ತೆ ಬೆಳೆಸಿದರು. 2008ರಲ್ಲಿ ಶುರುವಾದ ಆ ಕೋಠಿಯಿಂದ ಬೀಜ ಹೊರತೆಗೆದದ್ದು ಅದೇ ಮೊದಲು. ಆ ಸುದ್ದಿ ಓದಿದಾಗ ನಮ್ಮ ಕೋಣೆಯಲ್ಲಿ ಎಲ್ಲರಿಗೂ ಕಣ್ಣು ತುಂಬಿತ್ತು. ನಮ್ಮ ಕೆಲಸದ ಬೆಲೆ ನನಗೆ ಗೊತ್ತು. ಬೆಲೆ ಗೊತ್ತಿರುವುದರಿಂದಲೇ ಅದರ ಮೇಲೆ ಇಡೀ ಭಾರ ಹಾಕಬೇಡಿ ಎನ್ನುತ್ತೇನೆ.

ಸರಾಸರಿ:

ಮೇಡಂ ಮುಖ್ಯವಾದದ್ದು ಹೇಳಿದ್ದಾರೆ. ಅಂಕಿಗಳು ತಾಳೆಯಾಗುತ್ತಿಲ್ಲ ಎಂದಿರಲ್ಲ, ಅಷ್ಟಕ್ಕೆ ಉತ್ತರಿಸುತ್ತೇನೆ.

900 ಎಂಬುದು ಖಚಿತವಾದ ಅಳಿವು ಮಾತ್ರ. ಒಂದು ಜೀವಿ ಅಳಿದಿದೆ ಎಂದು ಬರೆಯಬೇಕಾದರೆ, ಇರಬಹುದಾದ ಕಡೆಯಲ್ಲೆಲ್ಲ ಹುಡುಕಿ ಸಿಗಲಿಲ್ಲ ಎಂಬ ಭರವಸೆ ಬೇಕು. 80 ಲಕ್ಷದಲ್ಲಿ ಇದುವರೆಗೆ ಕೆಂಪು ಪಟ್ಟಿಯವರು ಪರಿಶೀಲಿಸಿರುವುದೇ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ 900ನ್ನು 80 ಲಕ್ಷದಿಂದ ಭಾಗಿಸುವುದು ಸರಿಯಲ್ಲ. ಪರಿಶೀಲಿಸಿದವುಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಅಪಾಯದಲ್ಲಿವೆ.

ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ವೇದಿಕೆ ಐಪಿಬಿಇಎಸ್‌ನ 2019ರ ವರದಿಯಲ್ಲಿ 10 ಲಕ್ಷ ಪ್ರಭೇದಗಳು ಅಪಾಯದಲ್ಲಿವೆ ಎಂದಿದೆ. ಇದನ್ನೂ ನೀವು ನೋಡಿರುತ್ತೀರಿ. ಲೆಕ್ಕ ಹೀಗಿದೆ: 80 ಲಕ್ಷದಲ್ಲಿ ಸುಮಾರು 55 ಲಕ್ಷ ಕೀಟಗಳು. ಅವುಗಳಲ್ಲಿ ಶೇ 10 ಅಪಾಯದಲ್ಲಿವೆ ಎಂದು ಹಿಡಿದರು. ಉಳಿದ 25 ಲಕ್ಷಕ್ಕೆ, ಚೆನ್ನಾಗಿ ಅಧ್ಯಯನವಾದ ಗುಂಪುಗಳನ್ನು ನೋಡಿ ಶೇ 25 ಎಂದು ಹಿಡಿದರು. ಐದೂವರೆ ಲಕ್ಷ, ಆರು ಕಾಲು ಲಕ್ಷ, ಕೂಡಿಸಿದರೆ 10 ಲಕ್ಷ ದಾಟುತ್ತದೆ. ಒಂದೊಂದಾಗಿ ಎಣಿಸಿದ್ದಲ್ಲ, ಅಂದಾಜು. ಆದರೆ ಹೇಗೆ ಬಂತು ಎಂದು ತೆರೆದು ತೋರಿಸಿದ ಅಂದಾಜು.

"1970ರಿಂದ ಕಾಡುಪ್ರಾಣಿಗಳು ಶೇ 73 ಕಡಿಮೆಯಾಗಿವೆ" ಎಂಬ ಸಾಲು ಸಿಕ್ಕರೆ ಹಾಗೇ ಓದಬೇಡಿ. ಆ ಅಂಕಿ ಕೊಡುವ ಲಿವಿಂಗ್ ಪ್ಲಾನೆಟ್ ಸೂಚ್ಯಂಕ ಹೇಳುವುದು ಪ್ರಾಣಿಗಳ ಒಟ್ಟು ಸಂಖ್ಯೆಯನ್ನಲ್ಲ, ಗಮನಿಸುತ್ತಿರುವ ಗುಂಪುಗಳ ಸರಾಸರಿ ಕುಸಿತವನ್ನು. ನೂರು ಪ್ರಾಣಿಗಳ ಗುಂಪು ಹತ್ತಕ್ಕೆ ಇಳಿದು, ಹತ್ತು ಸಾವಿರದ ಗುಂಪು ಹಾಗೇ ಉಳಿದರೆ, ಒಟ್ಟು ಸಂಖ್ಯೆ ಕುಸಿದದ್ದು ಶೇ 1ಕ್ಕಿಂತ ಕಡಿಮೆ. ಗುಂಪುಗಳ ಸರಾಸರಿ ಮಾತ್ರ ತುಂಬಾ ಇಳಿದಂತೆ ಕಾಣುತ್ತದೆ.

ಕೊನೆಯದಾಗಿ ಶೇ 99ರ ಮಾತು. ಅವು ಅಳಿದದ್ದು ನೂರಾರು ಕೋಟಿ ವರ್ಷಗಳಲ್ಲಿ. ಈಗಿನ ಅಳಿವಿನ ವೇಗ ಕಳೆದ ಒಂದು ಕೋಟಿ ವರ್ಷಗಳ ಸರಾಸರಿಗಿಂತ ಹತ್ತಾರರಿಂದ ನೂರಾರು ಪಟ್ಟು ಹೆಚ್ಚು ಎಂದು ಅದೇ ಐಪಿಬಿಇಎಸ್ ವರದಿ ಹೇಳುತ್ತದೆ. ಜೊತೆಗೆ, ಸಾಮೂಹಿಕ ಅಳಿವುಗಳ ನಂತರ ಹೊಸ ಪ್ರಭೇದಗಳು ಹುಟ್ಟಿ ಜಾಗ ತುಂಬಲು ಹತ್ತಾರು ಲಕ್ಷ ವರ್ಷಗಳೇ ಹಿಡಿದಿವೆ.

ಮಳೆಗಪ್ಪೆ:

ಜೀವಿಗಳಿಂದ ನಮಗೆ ಸಿಗಬಹುದಾದ ಔಷಧಿಯ ವಿಷಯ ಯಾರೂ ತೆಗೆಯಲಿಲ್ಲ. ಆಸ್ಟ್ರೇಲಿಯಾದಲ್ಲಿ ಒಂದು ಕಪ್ಪೆ ಇತ್ತು. ಹೆಣ್ಣುಕಪ್ಪೆ ಮೊಟ್ಟೆಗಳನ್ನು ನುಂಗಿ ಹೊಟ್ಟೆಯಲ್ಲೇ ಮರಿ ಮಾಡುತ್ತಿತ್ತು. ಅಷ್ಟು ದಿನ ಹೊಟ್ಟೆಯ ಆಮ್ಲ ನಿಲ್ಲುತ್ತಿತ್ತು. ಮರಿಗಳು ಬಾಯಿಯಿಂದ ಹೊರಗೆ ಬರುತ್ತಿದ್ದವು. ಆಮ್ಲ ಹೇಗೆ ನಿಲ್ಲುತ್ತದೆ ಎಂದು ತಿಳಿದರೆ ಹೊಟ್ಟೆ ಹುಣ್ಣಿಗೆ ಉಪಯೋಗವಾಗಬಹುದು ಎಂದು ಅಧ್ಯಯನ ನಡೆದಿತ್ತು. ಕಾಡಿನಲ್ಲಿ ಅದು 1981ರ ನಂತರ ಕಾಣಲಿಲ್ಲ. 1984ರಲ್ಲಿ ಅದರ ಬಂಧು ಕಪ್ಪೆಯೊಂದು ಉತ್ತರಕ್ಕೆ ಸಿಕ್ಕಿತು. ಮರುವರ್ಷದ ಹೊತ್ತಿಗೆ ಅದೂ ಮಾಯ. ಈ ಸಾಲನ್ನು ಪ್ರತಿ ಸಲ ಹೇಳುವಾಗಲೂ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ಜಮಾಖರ್ಚು:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಭಾಗಾಕಾರದ ಛೇದದಲ್ಲಿ ಏನು ಇರಬೇಕು ಎಂಬುದು ಈಗ ಸ್ಪಷ್ಟವಾಯಿತು. ಮೊಳಕೆಕೋಣೆ ಮೇಡಂ, ಇನ್ನೆರಡು ಕೇಳುತ್ತೇನೆ. ಸಂಖ್ಯೆ ಒಮ್ಮೆ ಕುಸಿದು ಮತ್ತೆ ಮೇಲೆ ಬಂದರೆ, ಹೋದದ್ದು ವಾಪಸು ಬಂದ ಹಾಗೆ ಅಲ್ವಾ? ಮತ್ತೆ, ಅಪಾಯಗಳಲ್ಲಿ ಯಾವುದು ದೊಡ್ಡದು? ಒಬ್ಬರು ಹವಾಮಾನ ಅನ್ನುತ್ತಾರೆ, ಒಬ್ಬರು ಪ್ಲಾಸ್ಟಿಕ್ ಅನ್ನುತ್ತಾರೆ.

ಮೊಳಕೆಕೋಣೆ:

ಮಳೆಗಪ್ಪೆ ಅವರ ನೋವು ಅರ್ಥವಾಗುತ್ತದೆ. ಆದರೆ ಔಷಧಿಯ ವಾದವನ್ನು ನಾನು ಮುಂದಿಡುವುದು ಕಡಿಮೆ. ಅದನ್ನೇ ಮುಖ್ಯ ಮಾಡಿದರೆ, ಔಷಧಿ ಸಿಗದ ಜೀವಿ ಯಾಕಿರಬೇಕು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಬಹುಪಾಲು ಜೀವಿಗಳಿಂದ ಔಷಧಿ ಬರುವುದಿಲ್ಲ. ಎಲೆ ಕೊಳೆಸುವ ಶಿಲೀಂಧ್ರದ ಕೆಲಸಕ್ಕೆ ಮಾತ್ರೆಯ ಬೆಲೆ ಕಟ್ಟಬೇಕಾಗಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಉತ್ತರ ಪೆಸಿಫಿಕ್‌ನ ಎಲಿಫೆಂಟ್ ಸೀಲ್ ಎಂಬ ಕಡಲಪ್ರಾಣಿಯನ್ನು ಎಣ್ಣೆಗಾಗಿ ಕೊಂದು ಕೊಂದು 19ನೇ ಶತಮಾನದ ಕೊನೆಗೆ ನೂರಕ್ಕೂ ಕಡಿಮೆ ಉಳಿಸಿದ್ದರು. ಕಾಪಾಡಿದರು. ಈಗ ಎರಡು ಲಕ್ಷ ದಾಟಿದೆ. ನಿಜಕ್ಕೂ ಸಂತೋಷದ ವಿಷಯ. ಆದರೆ ಜೀನ್ ನೋಡಿದರೆ ಅವು ಒಂದಕ್ಕೊಂದು ತೀರಾ ಹತ್ತಿರ. ಇರುವುದೆಲ್ಲ ಆ ಬೆರಳೆಣಿಕೆಯವುಗಳ ಸಂತತಿ. ತಲೆ ಎಣಿಸಿದರೆ ತುಂಬಿದೆ, ಒಳಗಿನ ಬಗೆ ತುಂಬಿಲ್ಲ. ಆ ಬಗೆ ಹುಟ್ಟುವುದು ಜೀನ್‌ಗಳಲ್ಲಿ ಆಗುವ ಸಣ್ಣ ಬದಲಾವಣೆಗಳಿಂದ. ಸಾವಿರಾರು ತಲೆಮಾರು ಬೇಕು.

ಇದರ ಅಪಾಯ ಕಣ್ಣಿಗೆ ಕಂಡದ್ದು ಫ್ಲೋರಿಡಾದಲ್ಲಿ. ಅಲ್ಲಿನ ಪ್ಯೂಮಾ ಎಂಬ ಬೆಕ್ಕಿನ ಕುಟುಂಬದ ದೊಡ್ಡ ಪ್ರಾಣಿಗಳು 1990ರ ದಶಕದಲ್ಲಿ ಇಪ್ಪತ್ತು ಮೂವತ್ತಕ್ಕೆ ಇಳಿದಿದ್ದವು. ಹತ್ತಿರದ ರಕ್ತಸಂಬಂಧದಲ್ಲೇ ಕೂಡಿ ಬಾಲ ಸೊಟ್ಟ, ಹೃದಯದಲ್ಲಿ ದೋಷ, ಗಂಡುಗಳ ವೃಷಣ ಕೆಳಗಿಳಿಯದಿರುವುದು, ಇವೆಲ್ಲ ಹೆಚ್ಚಾಗಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಐದು ಮರಿ ಹಾಕಿದವು. ಆ ಮರಿಗಳಲ್ಲಿ ದೋಷ ಕಡಿಮೆಯಾಯಿತು, ಸಂಖ್ಯೆ ನೂರು ದಾಟಿತು. ಟೆಕ್ಸಾಸ್‌ನಲ್ಲಿ ಅದೇ ಪ್ರಭೇದದ ಬೇರೆ ಗುಂಪು ಉಳಿದಿದ್ದಕ್ಕೆ ಇದು ಸಾಧ್ಯವಾಯಿತು. ಎಲಿಫೆಂಟ್ ಸೀಲ್‌ಗೆ ಅಂಥ ಟೆಕ್ಸಾಸ್ ಇಲ್ಲ.

ಎರಡನೇ ಪ್ರಶ್ನೆ. ಐಪಿಬಿಇಎಸ್ ವರದಿ ಐದು ಮುಖ್ಯ ಕಾರಣಗಳನ್ನು ಕ್ರಮವಾಗಿ ಕೊಟ್ಟಿದೆ. ನೆಲ ಮತ್ತು ಕಡಲಿನ ಬಳಕೆ ಬದಲಾಗುವುದು ಮೊದಲನೆಯದು. ಆಮೇಲೆ ಜೀವಿಗಳನ್ನು ನೇರವಾಗಿ ಹಿಡಿಯುವುದು, ಕಡಿಯುವುದು. ನಂತರ ಹವಾಮಾನ, ಮಾಲಿನ್ಯ, ಹೊರಗಿನಿಂದ ಬಂದು ಹಬ್ಬುವ ಜೀವಿಗಳು. ಪ್ಲಾಸ್ಟಿಕ್ ಮಾಲಿನ್ಯದ ಒಂದು ಭಾಗ ಅಷ್ಟೇ. ಹವಾಮಾನದ ಪಾಲು ವರ್ಷ ಹೋದಂತೆ ಏರುತ್ತಿದೆ.

ನೆಲದ ಬಳಕೆ ಎಂದರೆ ಎಲ್ಲರ ಕಣ್ಣಿಗೂ ದಟ್ಟ ಕಾಡು ಬರುತ್ತದೆ. ಬೆಳೆಗಳ ಕಾಡುಬಂಧುಗಳು ಇರುವುದು ಬೇರೆ ಕಡೆ. ಹೊಲದ ಬದು, ಕಾಲುವೆಯ ಅಂಚು, ಜೌಗು, ದಾರಿ ಪಕ್ಕದ ಪೊದೆ. ಇವುಗಳಿಗೆ ಯಾರೂ ಬೇಲಿ ಹಾಕುವುದಿಲ್ಲ, ಪಾಳು ಎಂದು ಬರೆದುಬಿಡುತ್ತಾರೆ. ನಮ್ಮಲ್ಲಿ ಹಳೆಯ ಪಾಸ್‌ಪೋರ್ಟ್ ಮಾಹಿತಿ ಹಿಡಿದು ಅದೇ ಜಾಗಕ್ಕೆ ಮತ್ತೆ ಹೋದವರು ಹಲವು ಸಲ ಖಾಲಿ ಚೀಲದಲ್ಲಿ ವಾಪಸು ಬಂದಿದ್ದಾರೆ. ಜಾಗ ಇದೆ, ಅಲ್ಲಿ ಕಾಂಕ್ರೀಟಿದೆ. ನಿಮ್ಮ ಮಾತಿನಲ್ಲಿ ದಯವಿಟ್ಟು ಈ ಪಾಳು ಜಾಗಗಳ ಹೆಸರು ಹೇಳಿ.

ನೇರವಾಗಿ ಹಿಡಿಯುವುದಕ್ಕೆ ಕೆನಡಾದ ನ್ಯೂಫೌಂಡ್‌ಲೆಂಡ್‌ನ ಕಾಡ್ ಮೀನು ನೋಡಿ. ಸುಮಾರು ಐದು ಶತಮಾನ ಹಿಡಿದ ಮೀನು. ದೊಡ್ಡ ಟ್ರಾಲರ್‌ಗಳು ಬಂದ ಮೇಲೆ ಕುಸಿದು, 1992ರಲ್ಲಿ ಸರ್ಕಾರ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಮೂವತ್ತು ಸಾವಿರದಷ್ಟು ಜನರ ಕೆಲಸ ಹೋಯಿತು. ಕೆಲವೇ ವರ್ಷಕ್ಕೆಂದು ಹಾಕಿದ ನಿಷೇಧ ತೆಗೆದದ್ದು 2024ರಲ್ಲಿ, ಅದೂ ಸಣ್ಣ ಪ್ರಮಾಣಕ್ಕೆ. ಕಾಡ್ ಕೂಡ ನಿಮ್ಮ 900ರಲ್ಲಿ ಇಲ್ಲ.

ಮೃಗಾಲಯದ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಅದು ಐದನೇ ಕಾರಣದೊಳಗೇ ಬರುತ್ತದೆ. ಪೆಸಿಫಿಕ್‌ನ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ನಂತರ ಹಡಗಿನ ಸಾಮಾನಿನೊಂದಿಗೆ ಕಂದು ಮರಹಾವು ಬಂತು. ಅಲ್ಲಿನ ಕಾಡುಹಕ್ಕಿಗಳಿಗೆ ಅಂಥ ಹಾವಿನ ಪರಿಚಯವೇ ಇರಲಿಲ್ಲ. ಹನ್ನೆರಡು ಜಾತಿಯ ಕಾಡುಹಕ್ಕಿಗಳಲ್ಲಿ ಹತ್ತು ಆ ದ್ವೀಪದಿಂದ ಇಲ್ಲವಾದವು. ಹಕ್ಕಿ ಹೋದ ಮೇಲೆ ಜೇಡ ವಿಪರೀತ ಹೆಚ್ಚಿತು. ಮಳೆಗಾಲದಲ್ಲಿ ಪಕ್ಕದ ದ್ವೀಪಗಳಿಗಿಂತ ನಲವತ್ತು ಪಟ್ಟಿನವರೆಗೂ ಜಾಸ್ತಿ ಬಲೆಗಳು ಸಿಕ್ಕಿವೆ. ಹಣ್ಣು ತಿಂದು ಬೀಜ ದೂರ ಒಯ್ಯುವವರಿಲ್ಲ, ಬೀಜ ತಾಯಿಮರದ ಬುಡದಲ್ಲೇ ಬೀಳುತ್ತದೆ. ಅಲ್ಲಿನ ಮಿಂಚುಳ್ಳಿ, ಸಿಹೆಕ್ ಎಂದು ಅದರ ಹೆಸರು, ಕೊನೆಯ ಕೆಲವನ್ನು 1980ರ ದಶಕದಲ್ಲಿ ಹಿಡಿದು ಮೃಗಾಲಯಗಳಲ್ಲಿ ಬೆಳೆಸಿದರು. ಹಾಗಾಗಿ ಆ ಪ್ರಭೇದ ಇದೆ. 2024ರಲ್ಲಿ ಒಂಬತ್ತು ಹಕ್ಕಿಗಳನ್ನು ಮೊದಲ ಸಲ ಹೊರಗೆ ಬಿಟ್ಟರು. ಬಿಟ್ಟದ್ದು ಗುವಾಮ್‌ನಲ್ಲಿ ಅಲ್ಲ, ಹಾವಿಲ್ಲದ ಪಾಲ್ಮೈರಾ ಎಂಬ ಬೇರೆ ದ್ವೀಪದಲ್ಲಿ. ಗುವಾಮ್‌ನಲ್ಲಿ ಹಾವು ಇನ್ನೂ ಇದೆ.

ಅಲ್ಲಿಂದ ಹೊರಡುವ ಹಡಗು, ವಿಮಾನಗಳ ಸಾಮಾನನ್ನು ಈಗ ತರಬೇತಿ ಪಡೆದ ನಾಯಿಗಳಿಂದ ಮೂಸಿಸುತ್ತಾರೆ. ಬೇಲಿಗಳಲ್ಲಿ ಬೋನು ಇಡುತ್ತಾರೆ. ಬೇಸರ ಹುಟ್ಟಿಸುವ, ಮುಗಿಯದ ಕೆಲಸ ಅದು. ವಿಮಾನಗಳು ನೇರವಾಗಿ ಹೋಗುವ ಹವಾಯಿಯಲ್ಲಿ ಇದುವರೆಗೆ ಆ ಹಾವು ನೆಲೆಯೂರಿಲ್ಲ.